ಹೊಡೆದದ್ದು ಕ್ಯಾಟರ್‌ಬಿಲ್ಲು, ಅಟ್ಟ ಸೇರಿದ್ದು ಚಿಂದಿ ಚೆಂಡು

ರಾಗಿ ತೆನೆ ಬಲೀತಾ ಇದೆ, ಹಕ್ಕಿ ಕಾಯೋ ಕೆಲಸ ಶುರುವಾಗಿದೆ. ಆದ್ರೆ ಇವತ್ತು ಬೆಳೆ ವಿಷಯ ಅಲ್ಲ, ಮಕ್ಕಳ ವಿಷಯ.

ಹೋದ ತಿಂಗಳು ನಮ್ಮ ಹುಳಿಮಾವಿನಲ್ಲಿ ಸಂಬಂಧಿಕರ ಹುಡುಗನ ಹುಬ್ಬಿಗೆ ಗೋಲಿ ಬಡೀತು. ಮೂರು ಹೊಲಿಗೆ. ಒಂದು ಬೆರಳು ಕೆಳಗಾಗಿದ್ರೆ ಕಣ್ಣೇ ಹೋಗ್ತಿತ್ತು. ಹೊಡೆದದ್ದು ಜಾತ್ರೇಲಿ ದುಡ್ಡು ಕೊಟ್ಟು ತಂದ ಕ್ಯಾಟರ್‌ಬಿಲ್ಲು. ಮಾರನೇ ದಿನ ದೊಡ್ಡೋರು ಕೊಟ್ಟ ತೀರ್ಪೇನು? ‘ಇನ್ಮೇಲೆ ಎಸೆಯೋ ಆಟವೇ ಬೇಡ.’ ಮಕ್ಕಳ ಲಗೋರಿ ಚೆಂಡೂ ಅಟ್ಟ ಸೇರಿತು.

ಅಣ್ಣಂದಿರೇ, ಇದ್ಯಾವ ನ್ಯಾಯ? ಹಾಯೋ ಹೋರಿ ಬಿಟ್ಟು ಕರು ಕಟ್ಟಿ ಹಾಕಿದಂಗಾಯ್ತು.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರೋ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿನ ಹಿಂದಿರೋ ಸುರಕ್ಷತಾ ಮಾನದಂಡ ಕ್ಯಾಟರ್‌ಬಿಲ್ಲನ್ನ ಆಟಿಕೆ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಯಾಕಂದ್ರೆ ಎಳೆದ ರಬ್ಬರ್ ಕೂಡಿಟ್ಟ ಬಲವನ್ನೆಲ್ಲ ಒಂದೇ ಏಟಿಗೆ ಬಿಡುತ್ತೆ. ಎಂಟು ವರ್ಷದ ಹುಡುಗ ಬಿಟ್ಟ ಗೋಲಿಯೂ ಗಾಜು ಒಡೆಯುತ್ತೆ. ಬಟ್ಟೆ ಚೆಂಡಿಗೆ ಇರೋದು ಆ ಹುಡುಗನ ತೋಳಿನ ಬಲ ಮಾತ್ರ.

‘ಮನೇಲಿ ಮಾಡಿದ್ದು ಏನು ಗ್ಯಾರಂಟಿ?’ ಅಂತಾರೆ. ಒಪ್ತೀನಿ. ನಾವೂ ಚಿಕ್ಕೋರಿದ್ದಾಗ ಭಾರಕ್ಕೆ ಅಂತ ಒಳಗೆ ಕಲ್ಲಿಟ್ಟು ಸುತ್ತಿದ್ದುಂಟು. ಅದಕ್ಕೇ ಹೇಳೋದು, ಮಕ್ಕಳ ಜೊತೆ ನೀವೂ ಕೂತು ಮಾಡಿ. ಹಳೇ ಪಂಚೆ ಇಲ್ಲಾ ಕಾಟನ್ ಸೀರೇನ ಎರಡು ಬೆರಳು ಅಗಲಕ್ಕೆ ಹರ್ಕೊಳಿ. ನಡುವೆ ಒಂದು ಚಿಂದಿ ಗಂಟು ಇಟ್ಟು, ಪಟ್ಟೀನ ಅಡ್ಡ ಉದ್ದ ಬಿಗಿಯಾಗಿ ಸುತ್ತಿ. ಕಿತ್ತಳೆ ಗಾತ್ರ ಬಂದ್ಮೇಲೆ ಗೋಣಿದಾರ ಬಿಗಿದು ದಬ್ಬಳದಲ್ಲಿ ನಾಲ್ಕು ಹೊಲಿಗೆ ಹಾಕಿ. ಕಲ್ಲು, ಗೋಲಿ, ನಟ್ಟು ಯಾವುದೂ ಬೇಡ. ಏಳು ಹೆಂಚಿನ ಚೂರು ಬೀಳಿಸೋಕೆ ಈ ಭಾರ ಸಾಕು.

ಇನ್ನೂ ಚಿಕ್ಕ ಮಕ್ಕಳಿಗೆ ಹಳೇ ಕಾಲುಚೀಲದೊಳಗೆ ಚಿಂದಿ ತುಂಬಿ ಗಂಟು ಹಾಕಿ, ಮೊಳದುದ್ದ ಬಟ್ಟೆ ಬಾಲ ಕಟ್ಟಿ. ಬಾಲ ಹಿಡಿದು ಬೀಸಿ ಬಿಟ್ರೆ ಗಾಳಿ ಬಾಲವನ್ನ ಹಿಂದಕ್ಕೆ ಎಳೆಯುತ್ತೆ, ಚೆಂಡು ನಿಧಾನವಾಗಿ ನೆಟ್ಟಗೆ ಹೋಗುತ್ತೆ. ಎದುರಿಗಿರೋ ಮಗು ಸಲೀಸಾಗಿ ಹಿಡಿಯುತ್ತೆ.

‘ಕ್ಯಾಟರ್‌ಬಿಲ್ಲು ಹಕ್ಕಿ ಓಡಿಸೋಕೆ ಬೇಕು’ ಅನ್ನೋರಿಗೂ ಒಂದು ಮಾತು. ನಮ್ಮಪ್ಪ ಅಟ್ಟಣೆ ಮೇಲೆ ನಿಂತು ಕತ್ತಾಳೆ ನಾರಿನ ಕವಣೆ ಬೀಸೋರು. ಎಷ್ಟೋ ಸಲ ಅದರಲ್ಲಿ ಕಲ್ಲೇ ಇರ್ತಿರಲಿಲ್ಲ, ಹುರಿ ಕೊಡವಿದ ಚಟ್ ಶಬ್ದಕ್ಕೇ ಹಿಂಡು ಏಳೋದು. ಆ ಕವಣೇನೂ ದೊಡ್ಡೋರ ಕೈಲೇ ಇರ್ತಿತ್ತು, ಮಕ್ಕಳಿಗೆ ಕೊಡ್ತಿರಲಿಲ್ಲ. ಇನ್ನು ಗಿಳಿ, ನವಿಲಿಗೆ ಗುರಿಯಿಟ್ಟು ಹೊಡೆದ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹೊಲದ ಮಗ್ಗುಲಲ್ಲೇ ಅಪಾರ್ಟ್‌ಮೆಂಟ್ ಎದ್ದಿವೆ, ಗುರಿ ತಪ್ಪಿದ ಕಲ್ಲು ಯಾರ ಕಿಟಕಿಗೆ, ಯಾರ ತಲೆಗೆ?

ಈ ಭಾನುವಾರ ಎರಡು ಕೆಲಸ ಮಾಡಿ. ಕ್ಯಾಟರ್‌ಬಿಲ್ಲಿನ ರಬ್ಬರ್ ಕತ್ತರಿಸಿ. ಅಟ್ಟದ ಮೇಲಿನ ಚೆಂಡು ಕೆಳಗಿಳಿಸಿ, ಒಳಗೆ ಕಲ್ಲಿದೆಯಾ ಅಂತ ಒತ್ತಿ ನೋಡಿ, ಮಕ್ಕಳ ಕೈಗೆ ವಾಪಸ್ ಕೊಡಿ.