ದ್ವೇಷಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು

ಹೊರದೇಶಗಳಲ್ಲಿ ಒಂದು ಜನಾಂಗಕ್ಕಾಗುವ ಅನ್ಯಾಯವನ್ನು ಬರೆದಿಡಲು ಅಮೇರಿಕದ ಸರಕಾರ 2004ರಲ್ಲಿ ಕಾಯಿದೆಯನ್ನೇ ಮಾಡಿತು. ಯೆಹೂದ್ಯರ ಮೇಲಿನ ದ್ವೇಷ ಯಾವ ದೇಶದಲ್ಲಿ ತಲೆಯೆತ್ತಿದೆ, ಅಲ್ಲಿಯ ಸರಕಾರ ಏನು ಮಾಡಿತು ಎಂಬುದು ವಿದೇಶಾಂಗ ಖಾತೆಯ ವಾರ್ಷಿಕ ವರದಿಯಲ್ಲಿ ಬರಬೇಕು. ಅದಕ್ಕೆಂದೇ ಒಬ್ಬ ವಿಶೇಷ ದೂತನಿರಬೇಕು.

ಲೋಟ ತೊಳೆಯುವ, ಮಗ್ಗ ನಡೆಸುವ ನಮಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ಗೊಡವೆ ಇದೆ.

ಯೆಹೂದ್ಯರು ನಮಗೆ ದೂರದವರಲ್ಲ. ಸೂರತ್ತಿನಲ್ಲಿ ಅವರ ಹಳೆಯ ಗೋರಿಗಳಿವೆ. ಅಹಮದಾಬಾದಿನಲ್ಲಿ 1934ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರವಿದೆ. ಗುಜರಾತ ಸರಕಾರ 2018ರಲ್ಲಿ ಅವರಿಗೆ ಅಲ್ಪಸಂಖ್ಯಾತರ ಸ್ಥಾನ ಕೊಟ್ಟಿತು. ಆದರೆ ಯೂರೋಪಿನಲ್ಲಿ ಹಿಟ್ಲರನ ಕಾಲದಲ್ಲಿ ಅವರಲ್ಲಿ 60 ಲಕ್ಷ ಜನ ಕೊಲೆಯಾದರು. ಅಲ್ಲಿ ಕೊಲೆಗಿಂತ ಮೊದಲು ಬಂದದ್ದು ಮಾತು: ‘ಇವರು ಹೊರಗಿನವರು, ನಮ್ಮ ಅನ್ನ ಕಸಿಯುವವರು.’

ಆ ಮಾತು ನಮಗೆ ಹೊಸದೇ? 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬಯಿಯಲ್ಲಿ ದಕ್ಷಿಣದವರ ಹೊಟೇಲುಗಳ ಮೇಲೆ ಕಲ್ಲು ಬಿದ್ದದ್ದನ್ನು ನಮ್ಮ ಹಿರಿಯರು ಮರೆತಿಲ್ಲ. 2018ರ ಸೆಪ್ಟೆಂಬರದಲ್ಲಿ ಉತ್ತರ ಗುಜರಾತಿನಲ್ಲಿ ಬಿಹಾರದ ಒಬ್ಬನ ಮೇಲೆ ಘೋರ ಅಪರಾಧದ ಆರೋಪ ಬಂತು. ಪೆಟ್ಟು ತಿಂದು ಊರು ಬಿಟ್ಟವರು ಸಾವಿರಾರು ಹಿಂದೀ ಕಾರ್ಮಿಕರು. ಪಾಂಡೇಸರಾದ ಬಣ್ಣದ ಗಿರಣಿಗಳು ನಡೆಯುವುದೇ ಇಂಥ ಪರಸ್ಥಳದವರ ದುಡಿಮೆಯಿಂದ. ಒಬ್ಬನ ತಪ್ಪಿಗೆ ಇಡೀ ಜನಾಂಗವನ್ನು ಹೊಣೆಮಾಡುವುದೇ ಈ ರೋಗದ ಮೂಲ.

ಒಂದು ಎಚ್ಚರಿಕೆ. ಇಸ್ರೇಲಿನ ಸರಕಾರವನ್ನು ಟೀಕಿಸಿದವರ ಬಾಯಿ ಮುಚ್ಚಿಸಲು ಈ ಲೆಕ್ಕ ಬಳಕೆಯಾಗಬಾರದು. ಸರಕಾರ ಬೇರೆ, ಜನ ಬೇರೆ. ಆ ಸರಕಾರದ ಮೇಲಿನ ಸಿಟ್ಟನ್ನು ಬೀದಿಯ ಯೆಹೂದ್ಯನ ಮೇಲೆ ತೀರಿಸುವುದೂ ಅಷ್ಟೇ ದೊಡ್ಡ ತಪ್ಪು.

ನಮ್ಮ ಸಂವಿಧಾನದ 350-ಬಿ ಕಲಮಿನಲ್ಲಿ ಭಾಷಾ ಅಲ್ಪಸಂಖ್ಯಾತರಿಗೊಬ್ಬ ವಿಶೇಷಾಧಿಕಾರಿಯಿದ್ದಾನೆ. 1956ರ ತಿದ್ದುಪಡಿಯಿಂದ ಬಂದ ಸ್ಥಾನವದು; ಅವನ ವರದಿ ಪಾರ್ಲಿಮೆಂಟಿನ ಮುಂದೆ ಬರಬೇಕು. ಶಾಲೆಯ ಭಾಷೆ, ಕಚೇರಿಯ ಭಾಷೆ ಮುಖ್ಯವೇ ಸರಿ. ಆದರೆ ಹೊಟೇಲಿನ ಗಾಜು ಒಡೆದ ರಾತ್ರಿ, ಕೂಲಿಯವ ಗಂಟುಮೂಟೆ ಕಟ್ಟಿ ರೈಲು ಹತ್ತಿದ ಬೆಳಗು, ಇವೂ ಆ ವರದಿಯಲ್ಲಿ ಬರಲಿ. ಪ್ರತಿಯೊಂದು ರಾಜ್ಯವೂ ಹೊರನಾಡಿಗರ ಮೇಲಾದ ಹಲ್ಲೆಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಇದು ನಮ್ಮ ಬೇಡಿಕೆ.

ವರದಿಯಿಂದಲೇ ಕಲ್ಲು ನಿಲ್ಲದು, ಬಲ್ಲೆವು. ಆದರೆ ಬರೆದಿಡದ ಅನ್ಯಾಯ ನಡೆದೇ ಇಲ್ಲವೆನ್ನುವುದು ಸುಲಭ. ಬಾಂಧವರೇ, ಬಿಹಾರಿಯ ಮೇಲೋ ಯೆಹೂದ್ಯನ ಮೇಲೋ ಆ ಹಳೆಯ ಮಾತು ನಮ್ಮ ಊಟದ ಪಂಕ್ತಿಯಲ್ಲೇ ಎದ್ದರೆ ಅಲ್ಲಿಯೇ ತಡೆಯಿರಿ. ನಾಳೆ ಅದೇ ಮಾತು ನಮ್ಮ ಬಾಗಿಲಿಗೆ ಬರುತ್ತದೆ.