ಎದೆನೋವಿನ ಹೊತ್ತಲ್ಲಿ ಬಿಲ್ಲಿನ ಭಯ ಬೇಡ

ಎದೆನೋವು ಕಾಣಿಸಿಕೊಂಡ ಮನೆಯಲ್ಲಿ ಇವತ್ತಿಗೂ ಎರಡು ಭಯ ಒಟ್ಟಿಗೇ ಹುಟ್ಟುತ್ತವೆ: ಜೀವದ್ದೊಂದು, ಬಿಲ್ಲಿನದೊಂದು. ‘ಗ್ಯಾಸ್ ಇರಬೇಕು, ಬೆಳಗಾಗಲಿ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಎರಡನೆಯ ಭಯವೇ ಇರುತ್ತದೆ. ರಕ್ತನಾಳ ಮುಚ್ಚಿಕೊಂಡರೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತ ಹೋಗುತ್ತದೆ. ತಡವಾದಷ್ಟೂ ಚಿಕಿತ್ಸೆಯ ಫಲ ಕಡಿಮೆ, ಖರ್ಚು ಹೆಚ್ಚು.

ಈ ಭಯಕ್ಕೆ ಕರ್ನಾಟಕದಲ್ಲಿ ಒಳ್ಳೆಯ ಉತ್ತರವೊಂದಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರದ ತಜ್ಞರು ದೂರದಿಂದಲೇ ನೋಡುತ್ತಾರೆ. ಹೆಪ್ಪು ಕರಗಿಸುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತ.

ಹೊರೆ ಉಳಿದಿರುವುದು ಮುಂದಿನ ಹಂತದಲ್ಲಿ, ಅಂದರೆ ರಕ್ತನಾಳಕ್ಕೆ ಸ್ಟೆಂಟ್ ಹಾಕುವಲ್ಲಿ. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧಲೇಪಿತ ಸ್ಟೆಂಟ್‌ಗೆ ಆಗ ನಿಗದಿಯಾದದ್ದು 29,600 ರೂಪಾಯಿ. ಖಾಸಗಿ ಆಸ್ಪತ್ರೆಗಳ ಐಸಿಯು, ಕ್ಯಾಥ್‌ಲ್ಯಾಬ್ ದರಗಳಿಗೆ ಅಂಥ ಕಡಿವಾಣವಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟೇ. ಸಣ್ಣ ವ್ಯಾಪಾರಿ, ಗುಮಾಸ್ತ ಸಾಲಕ್ಕೆ ಬೀಳುವುದು ಇಲ್ಲಿಯೇ.

ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದೆಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಅದು ಕಟ್ಟುನಿಟ್ಟಾಗಿ ಜಾರಿಯಾಗಬೇಕು. ಹೃದಯ ಜ್ಯೋತಿ ಪ್ರತಿ ತಾಲ್ಲೂಕಿನಲ್ಲೂ ಹಗಲಿರುಳು ಲಭ್ಯವಿರಬೇಕು. ಹೃದಯಾಘಾತದ ತುರ್ತು ಚಿಕಿತ್ಸೆಯ ವೆಚ್ಚವನ್ನು, ರೋಗಿಯ ಪಡಿತರ ಕಾರ್ಡ್ ಯಾವುದೆಂದು ಕೇಳದೆ, ಸರ್ಕಾರವೇ ಭರಿಸಬೇಕು.