ಐವತ್ನಾಲ್ಕು ವರ್ಷಕ್ಕೆ ಬಂದ ಕಪ್ಪು ಯಾರಿಗೂ ಬೇಡವಾಯ್ತೇ?

ಕಳೆದ ಸಂಚಿಕೆಯಲ್ಲಿ ನನ್ನ ಗೆಳೆಯನೊಬ್ಬ ಆರ್‌ಸಿಬಿ ಬಗ್ಗೆ ಎರಡು ಕಾಲಂ ಬರೆದಿದ್ದ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನಿನಿಂದ ಸೋಲಿಸಿ ಕಪ್ಪು ಎತ್ತಿದ ಕಥೆ. ಪಕ್ಕದಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಕಪ್ಪಿನ ಚಿತ್ರವನ್ನೂ ಬಿಡಿಸಿದ್ದ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. (ಮರುದಿನ ಬೆಂಗಳೂರಿನ ಸ್ಟೇಡಿಯಂ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತದ್ದನ್ನು ಅವನು ಬರೆಯಲಿಲ್ಲ. ಬರೆಯಬೇಕಿತ್ತು ಎಂದು ನನ್ನ ಅಭಿಪ್ರಾಯ.) ಆದರೆ ನನ್ನ ತಕರಾರು ಇರುವುದು ಅವನ ಕೊನೆಯ ವಾಕ್ಯದ ಮೇಲೆ. ‘ಕರ್ನಾಟಕದ ಯಾವ ತಂಡದ ಅಭಿಮಾನಿಗಳೂ ಒಂದು ಕಪ್ಪಿಗಾಗಿ ಹದಿನೆಂಟು ವರ್ಷ ಕಾದಿಲ್ಲ’ ಎಂದು ಬರೆದುಬಿಟ್ಟಿದ್ದಾನೆ. ಎಂಥ ಮಾತು ಮಾರಾಯ್ರೆ! ಹದಿನೆಂಟಲ್ಲ, ಐವತ್ನಾಲ್ಕು ವರ್ಷ ಕಾದ ತಂಡವೊಂದು ನಮ್ಮ ರಾಜ್ಯದಲ್ಲೇ ಉಂಟು. ಅದು ಗೆದ್ದ ದಿನ ನಮ್ಮೂರಲ್ಲಿ ಒಂದು ಪಟಾಕಿಯೂ ಹೊಡೆಯಲಿಲ್ಲ.

ಅದು ನಮ್ಮ ರಾಜ್ಯದ ಫುಟ್ಬಾಲ್ ತಂಡ. ಗೆದ್ದದ್ದು ಸಂತೋಷ್ ಟ್ರೋಫಿ. ದಿನ 2023ರ ಮಾರ್ಚ್ 4, ಶನಿವಾರ.

ಸಂತೋಷ್ ಎಂದರೆ ಖುಷಿ ಎಂದು ನಾನೂ ತಿಳಿದುಕೊಂಡಿದ್ದೆ. ಅಲ್ಲ, ಅದು ಒಂದು ಊರಿನ ಹೆಸರು. ಈಗ ಬಾಂಗ್ಲಾದೇಶದಲ್ಲಿರುವ ಆ ಊರಿನ ದೊರೆಯ ಹೆಸರಿನಲ್ಲಿ 1941ರಲ್ಲಿ ಶುರುವಾದ ಪಂದ್ಯಾವಳಿ ಇದು. ರಾಜ್ಯ ರಾಜ್ಯಗಳ ನಡುವೆ ನಡೆಯುತ್ತದೆ, ಕ್ರಿಕೆಟ್ಟಿಗೆ ರಣಜಿ ಇದ್ದ ಹಾಗೆ. ನಮ್ಮವರು ಇದನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿದ್ದರು. ಆಗ ನಮ್ಮ ತಂಡದ ಹೆಸರು ಮೈಸೂರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಅಂದರೆ ಕರ್ನಾಟಕ ಎಂಬ ಹೆಸರಿನಲ್ಲಿ ಈ ಕಪ್ಪು ಒಮ್ಮೆಯೂ ಬಂದಿರಲೇ ಇಲ್ಲ! ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಲೆಕ್ಕದಲ್ಲಿ ಇಪ್ಪತ್ತೇಳು ಜಾತ್ರೆ ಮುಗಿಯುವಷ್ಟು ಕಾಲ ಕಾದ ಹಾಗಾಯಿತು. ನನ್ನ ಅಜ್ಜನಿಗೆ ಈ ಲೆಕ್ಕ ಹೇಳಿದಾಗ ‘ಹಂಗಾರೆ ಆ ದೇವಿಗೂ ಫುಟ್ಬಾಲು ಗೊತ್ತಿಲ್ಲೆ ಕಾಣ್ತು’ ಎಂದು ನಕ್ಕರು.

ಈಗ ಮಾರ್ಚ್ 4ರ ಹಿಂದಿನ ದಿನಕ್ಕೆ ಬರುತ್ತೇನೆ. ಏಕೆಂದರೆ ಆ ಕಪ್ಪನ್ನು ನುಂಗಿದ್ದೇ ಮಾರ್ಚ್ 3.

ಆ ದಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐ.ಎಸ್.ಎಲ್. ಪ್ಲೇ ಆಫ್. ಸೋತವರು ಮನೆಗೆ. ನಾನು ಬೆಂಗಳೂರು ಎಫ್‌ಸಿಯ ಪಕ್ಕಾ ಅಭಿಮಾನಿ. ಆ ವರ್ಷ ಅಭಿಮಾನಿಯಾಗಿರುವುದು ಸುಲಭವಿರಲಿಲ್ಲ. ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮುಂಬಯಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ಪು ಗೆದ್ದು ಆಸೆ ಹುಟ್ಟಿಸಿದರು. ಲೀಗು ಶುರುವಾದ ಮೇಲೆ ನೋಡಿದರೆ ಮೊದಲ 12 ಪಂದ್ಯಗಳಲ್ಲಿ 8 ಸೋಲು! ಗೆದ್ದದ್ದು ಬರೇ ಮೂರು. ಕ್ಲಾಸಿನಲ್ಲಿ ನನ್ನನ್ನು ಕಂಡರೆ ಸಾಕು, ‘ಇವತ್ತು ಎಷ್ಟು ಗೋಲು ತಿಂದ್ರೋ?’ ಎಂದು ಕೇಳುವವರು ಇದ್ದರು. ಆಮೇಲೆ ಏನಾಯಿತೋ ದೇವರೇ ಬಲ್ಲ. ಉಳಿದ ಎಂಟಕ್ಕೆ ಎಂಟೂ ಗೆದ್ದರು. 34 ಪಾಯಿಂಟಿನೊಂದಿಗೆ ನಾಲ್ಕನೇ ಸ್ಥಾನ. ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಮನೆಗೆ ಕಳಿಸಿ ಎಂದು ಡಿಸೆಂಬರಿನಲ್ಲಿ ಕೂಗಿದವರಲ್ಲಿ ನಾನೂ ಒಬ್ಬ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೇರಳದ ವಿರುದ್ಧ ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯ ಬಂತು. 96ನೇ ನಿಮಿಷದಲ್ಲಿ ನಮಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟುವುದರೊಳಗೆ, ಗೋಲಿ ಸರಿಯಾಗಿ ನಿಲ್ಲುವುದರೊಳಗೆ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನ ಬಿಟ್ಟು ನಡೆದರು. ಮತ್ತೆ ಬರಲೇ ಇಲ್ಲ. ಪಂದ್ಯ ನಮ್ಮದಾಯಿತು. ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚಿಗೆ 10 ಪಂದ್ಯಗಳ ನಿಷೇಧ.

ನಾನು ಅವತ್ತು ಪಕ್ಕದ ಮನೆಯ ಜಗಲಿಯಲ್ಲಿ ಕುಣಿದಾಡಿದೆ. ಮಲಗಿದ ಮೇಲೆ ಮನಸ್ಸಿನಲ್ಲಿ ಸ್ವಲ್ಪ ಕಿರಿಕಿರಿ ಆದದ್ದು ನಿಜ. ಗೋಲು ಕಾನೂನುಬದ್ಧವೇ. ಆಡುವ ತಂಡ ದೂರ ಅಳೆದುಕೊಡಿ ಎಂದು ಕೇಳದಿದ್ದರೆ, ರೆಫರಿ ಸೀಟಿಗೆ ಕಾಯಿರಿ ಎನ್ನದಿದ್ದರೆ ತಕ್ಷಣ ಹೊಡೆಯಬಹುದು ಎಂಬುದು ನಿಯಮ. ಎದುರಾಳಿ ಎಚ್ಚರ ತಪ್ಪಿದ್ದು ನಮ್ಮ ತಪ್ಪೇ? ಅಲ್ಲ. ಆದರೂ ನನ್ನ ನೆಚ್ಚಿನ ಆಟಗಾರ ಹತ್ತು ಜನರ ಗೋಡೆಯ ಮೇಲಿಂದ ಹೊಡೆದು ಗೆಲ್ಲಿಸಿದ್ದರೆ ನಿದ್ದೆ ಬೇಗ ಬರುತ್ತಿತ್ತು. ಇದು ಅಭಿಮಾನಿಯ ಮಾತು, ರೆಫರಿಯ ಮಾತಲ್ಲ.

ಮೈದಾನ ಬಿಟ್ಟು ಹೋದವರ ಬಗ್ಗೆ ಮಾತ್ರ ನನಗೆ ಯಾವ ಗೊಂದಲವೂ ಇಲ್ಲ. ಅದು ತಪ್ಪು. ಹೇಗೆ ಇಷ್ಟು ಖಾತ್ರಿಯಾಗಿ ಹೇಳುತ್ತೇನೆ ಅಂದರೆ, ನಾವೂ ಹಾಗೆ ಮಾಡಿದ್ದೇವೆ. ವಲಯ ಮಟ್ಟದ ವಾಲಿಬಾಲಿನಲ್ಲಿ (ಎದುರಿನ ಶಾಲೆಯ ಹೆಸರು ಬೇಡ, ಯಾವ ವರ್ಷ ಅಂತಲೂ ಬೇಡ) ಮೊದಲ ಸೆಟ್ ನಮ್ಮದು. ಎರಡನೆಯದರಲ್ಲಿ ಚೆಂಡು ಗೆರೆಯ ಒಳಗೆ ಬಿದ್ದಿತ್ತು, ಸುಣ್ಣದ ಮೇಲೆ ಗುರುತೂ ಇತ್ತು. ಔಟ್ ಅಂದರು. ನಮ್ಮ ಕ್ಯಾಪ್ಟನ್ ‘ಬನ್ರೋ ಹೋಪ’ ಎಂದ. ನಾವು ಆರೂ ಜನ ಚಪ್ಪಲಿ ಹಾಕಿಕೊಂಡು ಹೊರಟುಬಿಟ್ಟೆವು. ದೊಡ್ಡ ಶೂರರ ಹಾಗೆ. ಟೆಂಪೊದಲ್ಲಿ ಬರುವಾಗ ಅರ್ಧ ದಾರಿಯವರೆಗೆ ಗಲಾಟೆಯೋ ಗಲಾಟೆ. ಆಮೇಲೆ ಒಬ್ಬ ಕೇಳಿದ, ‘ಸ್ಕೋರು ಎಷ್ಟಾಗಿತ್ತು?’ ಹತ್ತೊಂಬತ್ತು-ಹದಿನೇಳು, ನಾವೇ ಮುಂದಿದ್ದೆವು. ಮುಂದೆ ಊರು ಬರುವವರೆಗೆ ಯಾರೂ ಮಾತಾಡಲಿಲ್ಲ. ಆ ವರ್ಷ ನಮ್ಮ ತಂಡದಲ್ಲಿ ಇಬ್ಬರು ಹತ್ತನೇ ತರಗತಿಯವರಿದ್ದರು. ಅವರ ಕೊನೆಯ ಪಂದ್ಯ ಅದೇ.

ಹಾಗಾಗಿ ಬ್ಲಾಸ್ಟರ್ಸ್‌ಗೆ ಬಿದ್ದ ದಂಡ ಹೆಚ್ಚಾಯಿತೋ ಕಮ್ಮಿಯಾಯಿತೋ ಎಂಬ ಚರ್ಚೆಯಲ್ಲಿ ನಾನಿಲ್ಲ. ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು ನಿಮಿಷದ ಆಟ ಬಾಕಿ ಇತ್ತು. ಒಂದು ಗೋಲು ಹೊಡೆಯಲಿಕ್ಕೆ ಅದು ಧಾರಾಳ ಸಾಕು.

ಮಾರನೆಯ ದಿನ ಶಾಲೆಯಲ್ಲಿ, ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಫುಟ್ಬಾಲ್ ಬಲ್ಲವರ ಬಾಯಲ್ಲೆಲ್ಲ ಆ ಫ್ರೀ ಕಿಕ್ಕಿನದೇ ಮಾತು. ಅದೇ ಶನಿವಾರ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ, ಕಿಂಗ್ ಫಹದ್ ಸ್ಟೇಡಿಯಮ್ಮಿನಲ್ಲಿ ಕರ್ನಾಟಕ ಫೈನಲ್ ಆಡುತ್ತಿತ್ತು! ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳು ದೇಶದ ಹೊರಗೆ ನಡೆದದ್ದು ಅದೇ ಮೊದಲು. ಭುವನೇಶ್ವರದ ಸುತ್ತಿನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಕೇರಳವನ್ನು 1-0ಯಿಂದ ಸೋಲಿಸಿ ಬಂದಿದ್ದರು. ಸೆಮಿಫೈನಲಿನಲ್ಲಿ ಸರ್ವಿಸಸ್ ವಿರುದ್ಧ 3-1. ಸರ್ವಿಸಸ್ ಎಂದರೆ ಸೈನ್ಯದವರು, ಅವರ ದಮ್ಮು ಸಾಮಾನ್ಯದ್ದಲ್ಲ. ಫೈನಲಿನಲ್ಲಿ ಎದುರಿಗೆ ಮೇಘಾಲಯ. ಎರಡನೇ ನಿಮಿಷಕ್ಕೇ ಸುನಿಲ್ ಕುಮಾರ್ ಗೋಲು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕಿ ಓರಂ ಒಂದು ಹೊಡೆದ, ಅರ್ಧ ಸಮಯಕ್ಕೆ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್ಕಿನಿಂದ ಮತ್ತೊಂದು. ಎರಡನೇ ಅರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ಹೊಡೆದು ಕೊನೆಯವರೆಗೂ ಒತ್ತಿತು. ಆದರೆ 3-2, ಕಪ್ಪು ನಮ್ಮದು.

ಇದನ್ನೆಲ್ಲ ನಾನು ನೋಡಿದವನ ಹಾಗೆ ಬರೆದೆ. ನೋಡಲಿಲ್ಲ. ಅದೇ ನನ್ನ ನಾಚಿಕೆ. ಫೈನಲ್ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಭಾನುವಾರ ಪೇಪರಿನ ಆಟದ ಪುಟ ತಿರುವಿದಾಗ ಗೊತ್ತಾಯಿತು. ‘ಪಕ್ಕಾ ಅಭಿಮಾನಿ’ ಎಂದು ಮೇಲೆ ಬರೆದೆನಲ್ಲ, ಓದುಗರು ಅದನ್ನು ಸ್ವಲ್ಪ ಕಮ್ಮಿ ಮಾಡಿಕೊಂಡು ಓದಬಹುದು.

ಆ ವರ್ಷ ಬೆಂಗಳೂರು ಎಫ್‌ಸಿಯ ಕಥೆ ಮುಂದೇನಾಯಿತು ಎಂದು ಬೇಗ ಹೇಳಿಬಿಡುತ್ತೇನೆ. ಸೆಮಿಫೈನಲಿನಲ್ಲಿ ಮುಂಬಯಿಯೊಡನೆ ಎರಡೂ ಪಂದ್ಯ ಸೇರಿ 2-2, ಕೊನೆಗೆ ಪೆನಾಲ್ಟಿಯಲ್ಲಿ 9-8. ಎದೆ ಬಡಿತ ನಿಲ್ಲುವುದೊಂದೇ ಬಾಕಿ. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ಜೊತೆ ಫೈನಲ್. ನಮ್ಮ ಶಿರಸಿ, ಯಲ್ಲಾಪುರದವರಿಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. ಕಾರವಾರ ದಾಟಿದರೆ ಬಂತು. ‘ನಮ್ಮ ತಂಡ ನಮ್ಮ ಮನೆ ಬಾಗಿಲಿಗೇ ಬಂದಿದೆ, ಹೋಗೋಣ’ ಎಂದು ಅಪ್ಪನ ಹತ್ತಿರ ಎರಡು ದಿನ ಗೋಗರೆದೆ. ಪರೀಕ್ಷೆ ಹತ್ತಿರ ಇತ್ತು, ಉತ್ತರ ನಿಮಗೇ ಗೊತ್ತು. 2-2 ಆಗಿ, ಪೆನಾಲ್ಟಿಯಲ್ಲಿ 4-3ರಿಂದ ಸೋತೆವು. ಏಪ್ರಿಲಿನಲ್ಲಿ ಕಲ್ಲಿಕೋಟೆಯಲ್ಲಿ ಸೂಪರ್ ಕಪ್ ಫೈನಲ್, ಒಡಿಶಾ ವಿರುದ್ಧ 2-1ರ ಸೋಲು. ಒಂದೇ ಋತುವಿನಲ್ಲಿ ಮೂರು ಫೈನಲ್, ಒಂದು ಕಪ್ಪು.

ಈಗ ಮುಖ್ಯ ವಿಷಯ. ಈ ಎರಡು ತಂಡಗಳಲ್ಲಿ ನಮ್ಮದು ಯಾವುದು?

ಹೀಗೆ ಕೇಳಿದಾಗ ಕೆಲವರು, ‘ಎಫ್‌ಸಿಯಲ್ಲಿ ಕನ್ನಡದವರು ಎಲ್ಲಿದ್ದಾರೆ? ರಾಯ್ ಕೃಷ್ಣ ಫಿಜಿಯವ, ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ’ ಎನ್ನುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ಅಂಗಿ ಹಾಕಿ ನಮಗಾಗಿ ಬೆವರು ಸುರಿಸಿದವ ನಮ್ಮವನೇ. ಛೆಟ್ರಿ 2013ರಲ್ಲಿ, ತಂಡ ಹುಟ್ಟಿದ ವರ್ಷವೇ ಬಂದವರು. ಹುಟ್ಟಿದ ಊರು ಕೇಳಿ ಅಭಿಮಾನ ಕೊಡುವುದಾದರೆ ಆರ್‌ಸಿಬಿಯಲ್ಲಿ ದಿಲ್ಲಿಯ ಕೊಹ್ಲಿಯನ್ನು ಹೆಗಲ ಮೇಲೆ ಹೊತ್ತವರು ಯಾರು ಸ್ವಾಮಿ?

ನಾನು ಹೇಳುವುದು ಬೇರೆ. ಬೆಂಗಳೂರು ಎಫ್‌ಸಿ ಸೋತರೆ ಮುಂದಿನ ವರ್ಷ ದುಡ್ಡು ಕೊಟ್ಟು ಹೊಸ ಆಟಗಾರನನ್ನು ತರಬಹುದು. ರಾಜ್ಯ ತಂಡ ಹಾಗಲ್ಲ. ಅದು ರಾಜ್ಯದಲ್ಲಿ ಆಡುತ್ತಿರುವ ಹುಡುಗರಲ್ಲೇ ಆಯ್ದುಕೊಳ್ಳಬೇಕು. ಅಂದ ಮೇಲೆ ನಮ್ಮ ಸಿದ್ದಾಪುರದ, ಯಲ್ಲಾಪುರದ ಒಬ್ಬ ಹುಡುಗ ಫುಟ್ಬಾಲಿನಲ್ಲಿ ಮೇಲೆ ಬರಬೇಕಾದರೆ ಹತ್ತುವ ಮೆಟ್ಟಿಲು ಆ ರಾಜ್ಯ ತಂಡ. ಆ ಮೆಟ್ಟಿಲನ್ನೇ ನಾವು ನೋಡದಿದ್ದರೆ?

‘ನಮ್ಮ ಘಟ್ಟದ ಮೇಲೆ ಫುಟ್ಬಾಲ್ ಎಲ್ಲಿ ಆಡ್ತೀಯೋ, ಚೆಂಡು ಹೊಡೆದ್ರೆ ಅಡಿಕೆ ತೋಟಕ್ಕೆ ಹೋಗಿ ಬೀಳ್ತದೆ’ ಎಂದು ಪಿ.ಟಿ. ಸರ್ ತಮಾಷೆ ಮಾಡುತ್ತಾರೆ. ಮಾತು ಸುಳ್ಳಲ್ಲ. ನಮ್ಮ ಮೈದಾನದ ಪೂರ್ವ ದಿಕ್ಕು ಎತ್ತರ, ಪಶ್ಚಿಮ ತಗ್ಗು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕಪ್ಪೆಗಳದೇ ಲೀಗು. ಅದಕ್ಕೇ ನಮ್ಮಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್: ಸ್ವಲ್ಪ ಸಪಾಟು ಜಾಗ ಸಿಕ್ಕರೆ ಸಾಕು. ಆದರೆ ನಮ್ಮ ಶಿರಸಿ ಶೈಕ್ಷಣಿಕ ಜಿಲ್ಲೆಯಲ್ಲೇ ಇರುವ ಮುಂಡಗೋಡಕ್ಕೆ ಹೋಗಿ ನೋಡಿ. ಅಲ್ಲಿ ಟಿಬೆಟನ್ ಕ್ಯಾಂಪಿನ ಹುಡುಗರು ಸಂಜೆ ಫುಟ್ಬಾಲ್ ಆಡುವುದನ್ನು ನಾನೇ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಹಾಗೆಯೇ ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹುಡುಗ ಹುಡುಗಿಯರನ್ನು 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ಹುಡುಕಿಕೊಂಡು ಬಂದು ಓಟ, ಜಿಗಿತದ ತರಬೇತಿಗೆ ಕರೆದೊಯ್ದಿದ್ದರು. ಕೆಲವೇ ವರ್ಷದಲ್ಲಿ ಆ ಯೋಜನೆ ನಿಂತುಹೋಯಿತು. ಕಾಲಿನಲ್ಲಿ ಶಕ್ತಿ ಇಲ್ಲದ್ದಕ್ಕೆ ನಿಂತದ್ದಲ್ಲ ಅದು.

ಬೂಟಿಲ್ಲ ಎಂಬ ನೆಪವೂ ಬೇಡ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಫ್ರಾನ್ಸ್ ವಿರುದ್ಧ 2-1ರಿಂದ ಸೋತರು, ಆದರೆ ಆ ಒಂದು ಗೋಲು, ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟ ಮೊದಲ ಫುಟ್ಬಾಲ್ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮ ಸಾಮಾನ್ಯ ಜ್ಞಾನ ಸ್ಪರ್ಧೆಯಲ್ಲಿ ಇದನ್ನು ಒಮ್ಮೆಯೂ ಯಾರೂ ಕೇಳಿದ್ದಿಲ್ಲ. ವಿಶ್ವಕಪ್ ಯಾವ ದೇಶ ಗೆದ್ದಿತು ಎಂದು ಮಾತ್ರ ಪ್ರತಿ ಸಲ ಕೇಳುತ್ತಾರೆ.

ಬೆಂಗಳೂರು ಎಫ್‌ಸಿ ಅಭಿಮಾನ ನಾನು ಬಿಡುವುದಿಲ್ಲ. ಆ ಎಂಟು ಗೆಲುವಿನ ಸಾಲು ನೆನಪಾದರೆ ಈಗಲೂ ಮೈ ಜುಂ ಎನ್ನುತ್ತದೆ. ಆದರೆ 2022-23ರ ಋತುವಿನಲ್ಲಿ ನಿಜವಾಗಿ ಗೆದ್ದ ತಂಡ ಯಾವುದು ಎಂದು ಕೇಳಿದರೆ, ನಾನು ನೋಡದೇ ಹೋದ ತಂಡ ಎನ್ನುತ್ತೇನೆ. ಗೆಳೆಯನು ತನ್ನ ಕೊನೆಯ ವಾಕ್ಯವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿಕೊಳ್ಳಬೇಕಾಗಿ ವಿನಂತಿ. ಸಂಪಾದಕರು ಅದಕ್ಕೆ ಎರಡು ಸಾಲು ಜಾಗ ಕೊಟ್ಟರೆ ಸಾಕು.

ಇನ್ನೊಂದು. ಆಟದ ಕೋಣೆಯ ಕಪಾಟಿನ ಮೇಲೆ, ಹರಿದ ವಾಲಿಬಾಲ್ ನೆಟ್ಟಿನ ಹಿಂದೆ ಒಂದು ಫುಟ್ಬಾಲ್ ಇದೆ. ಗಾಳಿ ಇಲ್ಲ, ಚೆಂಡು ಗಟ್ಟಿ ಇದೆ. ಪಿ.ಟಿ. ಸರ್ ಹತ್ತಿರ ಕೇಳಿ ಒಪ್ಪಿಗೆ ತೆಗೆದುಕೊಂಡಿದ್ದೇನೆ. ಸೂಜಿ ಇರುವ ಪಂಪು ಯಾರ ಮನೆಯಲ್ಲಾದರೂ ಇದ್ದರೆ ಶನಿವಾರ ತನ್ನಿ. ತಗ್ಗಿನ ಕಡೆ ಗೋಲಿಯಾಗಿ ನಿಲ್ಲಲು ನಾನೇ ತಯಾರಿದ್ದೇನೆ, ತೋಟಕ್ಕೆ ಬಿದ್ದ ಚೆಂಡು ತರುವ ಕೆಲಸ ಸರತಿಯ ಮೇಲೆ.